ಸಮುದ್ರದ ಶಾಖವೂ ಗುಡೇಮಾರನಹಳ್ಳಿಯ ರಾಗಿಯೂ

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಿಂದ ಪಡುವಣ ಸಮುದ್ರವು, ನೇರವಾಗಿ ಗೆರೆಯೆಳೆದು ಅಳೆದರೂ, ಸುಮಾರು 250 ಕಿಲೋಮೀಟರು ದೂರದಲ್ಲಿರುವುದು. ಗ್ರಾಮವಾದರೋ ಸಮುದ್ರಮಟ್ಟಕ್ಕಿಂತ ಎರಡೂವರೆ ಸಾವಿರ ಅಡಿಗೂ ಮೇಲೆ ಇದೆ. ಉಪ್ಪುನೀರಿನ ಗಾಳಿಯೇ ಸೋಕದ ಈ ಕೆಂಪುಮಣ್ಣಿನ ಸೀಮೆಗೂ ಮಹಾಸಾಗರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಉಂಟು, ಅದು ರಾಗಿಯ ಮೂಲಕ ಬಂದುದು. ಆರಿದ್ರೆ ಪುನರ್ವಸು ಮಳೆಗಳಲ್ಲಿ ಬಿತ್ತಿದ ರಾಗಿಯು, ಅವರೆ ತೊಗರಿಗಳ ಅಕ್ಕಡಿ ಸಾಲುಗಳೊಡನೆ ಬೆಳೆದು, ಉತ್ತರೆ ಹಸ್ತ ಮಳೆಗಳ ಹದದಿಂದ ತೆನೆಗಟ್ಟಿ, ಚಳಿಗಾಲದ ಮೊದಲಲ್ಲಿ ಕಣಕ್ಕೆ ಬರುವುದು. ಆ ಮಳೆಯ ನೀರೆಲ್ಲವೂ ಬಹುಮಟ್ಟಿಗೆ ಸಮುದ್ರದಿಂದ ಎದ್ದ ಆವಿಯೇ ಆಗಿದೆ. ಸಮುದ್ರದ ಯಾವ ಭಾಗವು ಎಷ್ಟು ಬೆಚ್ಚಗಿದೆ ಎಂಬುದರ ಮೇಲೆ ಆ ಆವಿಯು ಯಾವ ಕಡೆಗೆ ಸಾಗಿ ಎಲ್ಲಿ ಸುರಿಯುವುದೆಂಬುದು ನಿರ್ಣಯವಾಗುವುದು.

ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿ ಅನೇಕರು ಇಂತಹ ಖುಷ್ಕಿ ಬೇಸಾಯದ ಮನೆಗಳಿಂದ ಬಂದವರು. ಅವರ ಮನೆಗಳಲ್ಲಿ ಹಿರಿಯರು ಆಡುವ ಒಂದು ಮಾತನ್ನು ಎಲ್ಲರೂ ಬಲ್ಲರು: ಮಳೆಗಾಲವು ಮೊದಲಿನಂತಿಲ್ಲ, ಕೆಟ್ಟುಹೋಯಿತು, ಎಂದು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಆದರೆ ಅದರೊಳಗೆ ಒಂದು ಪ್ರಶ್ನೆಯು ಅಡಗಿದೆ. ಈ ಕೆಡುಕು ಬಂದುಹೋಗುವ ಜಾತಿಯದೋ, ಬಂದು ನಿಲ್ಲುವ ಜಾತಿಯದೋ? ಬಂದುಹೋಗುವುದಾದರೆ ಕೆಲವು ವರ್ಷ ತಾಳಿಕೊಂಡು ಹೊಲವನ್ನು ಉಳಿಸಿಕೊಳ್ಳಬಹುದು. ಬಂದು ನಿಲ್ಲುವುದಾದರೆ ಬೆಳೆಯನ್ನೂ ಬಾವಿಯನ್ನೂ ಮಕ್ಕಳ ಜೀವನೋಪಾಯವನ್ನೂ ಕುರಿತು ಬೇರೆ ರೀತಿಯಲ್ಲಿ ಯೋಚಿಸಬೇಕಾಗುವುದು. ಇದಕ್ಕೆ ಉತ್ತರವನ್ನು ಹುಡುಕುವವರು ಈಗ ಭೂಮಿಯಂತೆಯೇ ನಡೆದುಕೊಳ್ಳುವ ಒಂದು ಲೆಕ್ಕದ ಭೂಮಿಯನ್ನು ಗಣಕಯಂತ್ರದಲ್ಲಿ ಕಟ್ಟಿ, ಅದರ ಸಮುದ್ರವು ನೂರಾರು ವರ್ಷಗಳಲ್ಲಿ ಹೇಗೆ ಕಾಯುವುದು, ಹೇಗೆ ತಣಿಯುವುದು ಎಂದು ನೋಡುತ್ತಾರೆ. ಅದಕ್ಕೆ ಹವಾಮಾನ ಮಾದರಿಯೆಂದು ಹೆಸರು. ಅದು ಏನನ್ನು ತಿಳಿಸಬಲ್ಲದು, ಏನನ್ನು ತಿಳಿಸಲಾರದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತವನ್ನು ನೋಡೋಣ. 2022ನೆಯ ಆಗಸ್ಟ್ ತಿಂಗಳ ಕೊನೆಯಲ್ಲಿ ರಾಮನಗರ ಚನ್ನಪಟ್ಟಣಗಳ ಕಡೆ ಕೆರೆಗಳು ತುಂಬಿ ಹರಿದು, ಬೆಂಗಳೂರು–ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿತು. ಮರುವರ್ಷ, 2023ರಲ್ಲಿ, ಮಳೆಯು ಕೈಕೊಟ್ಟು ಕರ್ಣಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರದಿಂದ ಸಾರಲ್ಪಟ್ಟವು. ಈ ಎರಡು ವರ್ಷಗಳ ನಡುವೆ ಶಾಂತಸಾಗರದ ನಡುಭಾಗದಲ್ಲಿ ಒಂದು ಬದಲಾವಣೆಯಾಗಿತ್ತು. 2020ರಿಂದ ಮೂರು ವರ್ಷ ಅಲ್ಲಿಯ ಮೇಲ್ನೀರು ವಾಡಿಕೆಗಿಂತ ತಂಪಾಗಿತ್ತು; ಈ ಸ್ಥಿತಿಗೆ ಲಾ ನಿನಾ ಎನ್ನುವರು. 2023ರಲ್ಲಿ ಅದೇ ನೀರು ವಾಡಿಕೆಗಿಂತ ಬೆಚ್ಚಗಾಯಿತು. ಅದು ಎಲ್ ನಿನೋ. ಅಲ್ಲಿ ನೀರು ಕಾದಾಗ ಮೋಡ ಮಳೆಗಳ ಬೀಡು ಪೂರ್ವಕ್ಕೆ ಸರಿಯುವುದು. ನಮ್ಮ ಕಡೆ ಗಾಳಿಯು ಕೆಳಕ್ಕೆ ಇಳಿಯುವಂತಾಗಿ ಮೋಡ ಕಟ್ಟುವುದು ಕಷ್ಟವಾಗುವುದು.

ಈ ಸಂಬಂಧದ ಅರಿವು ಬರಗಾಲದ ಬೆನ್ನಲ್ಲಿಯೇ ಬೆಳೆದುದು. ಮೈಸೂರು ಸೀಮೆಯವರು ಧಾತು ಈಶ್ವರ ಸಂವತ್ಸರಗಳ ಬರವೆಂದು ಇಂದಿಗೂ ಹೇಳುವ 1876–78ರ ಕ್ಷಾಮದಲ್ಲಿ ಹಳ್ಳಿಹಳ್ಳಿಗಳೇ ಬರಿದಾದವು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಕ್ಷಾಮಕಾಲದಲ್ಲಿ, 1877–78ರಲ್ಲಿ, ಬಹಳ ಪ್ರಬಲವಾದ ಎಲ್ ನಿನೋ ಒಂದು ಇತ್ತೆಂದು ಈಗ ತಿಳಿದಿದೆ. ಆಗ ಅದನ್ನು ಬಲ್ಲವರಿರಲಿಲ್ಲ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞರು, ಮಳೆಯನ್ನು ಮುಂದಾಗಿ ಹೇಳುವ ದಾರಿಯನ್ನು ಅರಸುತ್ತಾ, ಲೋಕದ ನಾನಾ ಕಡೆಯ ವಾಯುಭಾರದ ಅಂಕಿಗಳನ್ನು ಒಂದಕ್ಕೊಂದು ಹೋಲಿಸಿ, ಶಾಂತಸಾಗರದ ಮೇಲೆ ವಾಯುಭಾರವು ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವುದನ್ನೂ, ಅಲ್ಲಿ ಇಳಿದಾಗ ಇಲ್ಲಿ ಏರುವುದನ್ನೂ ಕಂಡರು. ಆ ತೂಗಾಟವೂ ಸಮುದ್ರದ ಕಾವೂ ಒಂದೇ ಕ್ರಿಯೆಯ ಎರಡು ಮುಖಗಳೆಂಬುದನ್ನು ಯಾಕೋಬ್ ಬ್ಯರ್ಕ್ನೆಸ್ ಎಂಬವರು 1969ರಲ್ಲಿ ತೋರಿಸಿಕೊಟ್ಟರು.

ಆದರೆ ನಮ್ಮ ಮಳೆಯು ಶಾಂತಸಾಗರದ ಒಬ್ಬಳ ಅಧೀನವಲ್ಲ. 1997ರ ಎಲ್ ನಿನೋ ಆ ಶತಮಾನದ ಅತಿ ಪ್ರಬಲವಾದವುಗಳಲ್ಲಿ ಒಂದು. ಆದರೂ ಭಾರತದಲ್ಲಿ ಆ ವರ್ಷ ಮುಂಗಾರು ವಾಡಿಕೆಯಷ್ಟೇ ಆಯಿತು. 2002ರ ಎಲ್ ನಿನೋ ಅಷ್ಟು ಬಲವಾದುದಲ್ಲ. ಮಳೆಯು ಮಾತ್ರ ನೂರಕ್ಕೆ 19ರಷ್ಟು ಕಡಿಮೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಅಧ್ಯಯನವನ್ನು ಬೆಳೆಸಿದ ಸುಲೋಚನಾ ಗಾಡ್ಗೀಳರು ತಮ್ಮ ಸಹೋದ್ಯೋಗಿಗಳೊಡನೆ ಈ ಒಗಟನ್ನು ಬಿಡಿಸಲು ಹೊರಟು, ಭೂಮಧ್ಯರೇಖೆಯ ಬಳಿಯ ಹಿಂದೂ ಮಹಾಸಾಗರದ ಪಡುವಣ ಭಾಗದ ಮೇಲೆ ಮೋಡಗಳು ಹೆಚ್ಚಿರುವವೋ ಮೂಡಣ ಭಾಗದ ಮೇಲೆ ಹೆಚ್ಚಿರುವವೋ ಎಂಬುದೂ ನಮ್ಮ ಮಳೆಯನ್ನು ತೂಗುವುದೆಂದು ತೋರಿಸಿದರು. ಪಾವಗಡದ ಕಡೆಯ ಖುಷ್ಕಿ ಶೇಂಗಾ ಬೆಳೆಗಾರರಿಗೆ ಬಿತ್ತನೆಯ ಕಾಲವನ್ನು ಮಳೆಯ ಅಂಕಿಗಳಿಂದ ಹೇಗೆ ಆರಿಸಬಹುದೆಂದು ವಿಚಾರಿಸಿದವರೂ ಇವರೇ. ದೊಡ್ಡ ಗಣಿತವನ್ನು ಹೊಲದ ಬದುವಿನವರೆಗೆ ತಂದ ಇಂತಹ ವಿದುಷಿಯರ ಹೆಸರನ್ನು ನಮ್ಮ ಹುಡುಗಿಯರು ತಿಳಿದಿರತಕ್ಕದ್ದು.

ಇನ್ನು ನಿಜವಾದ ತೊಡಕಿನ ವಿಷಯಕ್ಕೆ ಬರೋಣ. ಸಮುದ್ರದ ಏರಿಳಿತವು ಎರಡು ಮೂರು ವರ್ಷಗಳಲ್ಲಿ ಮುಗಿಯುವುದಿಲ್ಲ. ಅದರ ಕೆಳಗೆ ಇನ್ನೂ ನಿಧಾನವಾದ ಏರಿಳಿತಗಳಿವೆ. ಉತ್ತರ ಶಾಂತಸಾಗರದ ಒಂದು ತೂಗಾಟವನ್ನು 1990ರ ದಶಕದಲ್ಲಿ ಸಾಲ್ಮನ್ ಮೀನಿನ ಹಿಡಿತದ ಲೆಕ್ಕವನ್ನು ನೋಡುತ್ತಿದ್ದವರು ಹೆಸರಿಟ್ಟು ಗುರುತಿಸಿದರು. ಅದು ಸುಮಾರು 1947ರಿಂದ 1976ರವರೆಗೆ ಒಂದು ಮಗ್ಗುಲಲ್ಲಿದ್ದು, ಬಳಿಕ ಇನ್ನೊಂದು ಮಗ್ಗುಲಿಗೆ ಹೊರಳಿತು. ಉತ್ತರ ಅಟ್ಲಾಂಟಿಕ್ ಸಾಗರವು 1930ರಿಂದ 1960ರವರೆಗೆ ಬೆಚ್ಚಗೂ, ಆಮೇಲೆ 1990ರ ದಶಕದ ನಡುವಿನವರೆಗೆ ತಣ್ಣಗೂ, ತರುವಾಯ ಮತ್ತೆ ಬೆಚ್ಚಗೂ ಇತ್ತು. ನಮ್ಮ ದೇಶದ ಮಳೆಯನ್ನು ಒಟ್ಟಾಗಿ ನೋಡಿದರೆ ಅಲ್ಲಿಯೂ ಇಂತಹ ಕಾಲಖಂಡಗಳು ಕಾಣುವುವು. 1899ರಿಂದ 1920ರವರೆಗೆ ಬರಗಳು ಮೇಲಿಂದ ಮೇಲೆ ಬಂದವು. 1921ರಿಂದ 1964ರವರೆಗೆ ವಿರಳವಾದವು. 1965ರಿಂದ 1987ರವರೆಗೆ ತಿರುಗಿ ಹೆಚ್ಚಿದವು. ಒಂದೊಂದು ಸೀಮೆಯ ಲೆಕ್ಕವು ಇದಕ್ಕಿಂತ ಬೇರೆಯಾಗಿರಬಹುದು. ಆದರೂ ಯೋಚಿಸಿ ನೋಡಿರಿ: 1925ರಲ್ಲಿ ಬೇಸಾಯದ ಮನೆಗೆ ಸೊಸೆಯಾಗಿ ಬಂದ ಅಜ್ಜಿಯು ಮಳೆಯನ್ನು ನಂಬಬಹುದೆಂದು ಹೇಳಿದರೆ ಸುಳ್ಳಲ್ಲ; 1965ರಲ್ಲಿ ಬಂದ ಮೊಮ್ಮಗಳು ಮಳೆ ಕೆಟ್ಟಿತೆಂದು ಹೇಳಿದರೂ ಸುಳ್ಳಲ್ಲ. ಒಂದು ತೂಗಾಟವೇ ಮನುಷ್ಯನ ಆಯುಸ್ಸಿನಷ್ಟು ಉದ್ದವಾಗಿರುವಾಗ, ಒಬ್ಬರ ನೆನಪಿನಿಂದ ಅದರ ಆದಿ ಅಂತ್ಯಗಳನ್ನು ಕಾಣಲಾಗದು.

ನೆನಪು ಸಾಲದಿದ್ದರೆ ಬರಹದ ದಾಖಲೆಗಳಿಲ್ಲವೇ ಎಂದರೆ, ಉಂಟು. ಅವುಗಳ ಕಥೆಯೂ ಕೇಳತಕ್ಕದ್ದೇ. ಹಡಗಿನವರು ಸಮುದ್ರಕ್ಕೆ ತೊಟ್ಟಿಯನ್ನು ಇಳಿಬಿಟ್ಟು ನೀರನ್ನು ಮೇಲಕ್ಕೆ ಸೇದಿ ಉಷ್ಣಮಾಪಕವನ್ನು ಅದ್ದಿ ಅಂಕಿಯನ್ನು ಬರೆದಿಡುತ್ತಿದ್ದರು. ತೊಟ್ಟಿಯು ಮರದ್ದಾಗಿದ್ದರೆ ಒಂದು ಲೆಕ್ಕ, ಕ್ಯಾನ್ವಾಸ್ ಬಟ್ಟೆಯದಾಗಿದ್ದರೆ ಇನ್ನೊಂದು ಲೆಕ್ಕ. ಮಣ್ಣಿನ ಹೂಜಿಯ ನೀರು ಏಕೆ ತಣ್ಣಗಿರುವುದೆಂದು ನಮ್ಮ ಅಡಿಗೆಮನೆಯವರೆಲ್ಲರೂ ಬಲ್ಲರು; ಒಸರುವ ನೀರು ಗಾಳಿಗೆ ಆರುತ್ತಾ ಒಳಗಿನ ಶಾಖವನ್ನು ಎಳೆದುಕೊಳ್ಳುವುದು. ಬಟ್ಟೆಯ ತೊಟ್ಟಿಯಲ್ಲಿಯೂ ಹಾಗೆಯೇ ಆಗಿ, ಸಮುದ್ರವು ಇದ್ದುದಕ್ಕಿಂತ ತಂಪಾಗಿ ದಾಖಲೆಯಾಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಳತೆಯ ಬಹುಭಾಗವು ಯಂತ್ರವನ್ನು ತಣಿಸಲು ಒಳಗೆ ಸೇದುವ ನೀರಿನಿಂದ ಆಗುತ್ತಿತ್ತು. ಅದು ಕೊಂಚ ಬೆಚ್ಚಗೆ ತೋರುವುದು. 1945ರಲ್ಲಿ ಯುದ್ಧವು ಮುಗಿದು ತೊಟ್ಟಿಯ ಅಳತೆಗಳು ಹೆಚ್ಚಿದಾಗ, ಲೋಕದ ಸಮುದ್ರವೆಲ್ಲವೂ ಒಮ್ಮೆಗೇ ತಣಿದಂತೆ ಲೆಕ್ಕದಲ್ಲಿ ಕಂಡಿತು. ಇದು ಬಹುಮಟ್ಟಿಗೆ ತೊಟ್ಟಿಯ ಮಹಿಮೆಯೆಂಬುದು ಸ್ಪಷ್ಟವಾದುದು 2008ರಲ್ಲಿ. ಅಳತೆಯ ಉಪಕರಣವು ಕೆಟ್ಟರೆ ಮಿಕ್ಕ ವಿದ್ಯೆಯೆಲ್ಲವೂ ವ್ಯರ್ಥವೆಂಬುದನ್ನು ನಮ್ಮ ದೇಶದಲ್ಲಿ ಬಲವಾಗಿ ಹಿಡಿದವರು ಅಣ್ಣಾ ಮಣಿಯವರು. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರ ಬಳಿ ವಜ್ರ ಮಾಣಿಕ್ಯಗಳ ಬೆಳಕನ್ನು ಕುರಿತು ಸಂಶೋಧನೆ ಮಾಡಿ, 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಅಲ್ಲಿಯ ಉಪಕರಣಗಳನ್ನು ಈ ದೇಶದಲ್ಲಿಯೇ ತಯಾರಿಸುವ, ಒಂದೇ ಪ್ರಮಾಣಕ್ಕೆ ತರುವ ಕಾರ್ಯವನ್ನು ಅವರು ನಡೆಯಿಸಿದರು. ಈಗ ಸಮುದ್ರದಲ್ಲಿ ಆರ್ಗೋ ಎಂಬ ಸುಮಾರು 4,000 ತೇಲುಯಂತ್ರಗಳು ಹತ್ತು ದಿನಗಳಿಗೊಮ್ಮೆ 2,000 ಮೀಟರು ಆಳದಿಂದ ಮೇಲಕ್ಕೆ ಬಂದು ಅಂಕಿಗಳನ್ನು ಕಳುಹುತ್ತಿವೆ. ಇವು ಬಂದು ಕಾಲು ಶತಮಾನವಷ್ಟೇ ಆಯಿತು. ಅರವತ್ತು ವರ್ಷದ ತೂಗಾಟವನ್ನು ಅಳೆಯಲು ಇದು ಸಾಲದು.

ಆದುದರಿಂದಲೇ ಲೆಕ್ಕದ ಭೂಮಿಯು ಬೇಕಾಯಿತು. 1922ರಲ್ಲಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬವರು 64,000 ಮಂದಿ ಗಣಿತಗಾರರನ್ನು ಒಂದು ದೊಡ್ಡ ಸಭಾಂಗಣದಲ್ಲಿ ಕುಳ್ಳಿರಿಸಿ ಲೋಕದ ಹವೆಯನ್ನೆಲ್ಲಾ ಲೆಕ್ಕಹಾಕಿಸುವ ಕನಸನ್ನು ಬರೆದರು. ಆ ಕೆಲಸವನ್ನು ಈಗ ಯಂತ್ರವು ಮಾಡುತ್ತದೆ. ಗಾಳಿಯನ್ನೂ ಸಮುದ್ರವನ್ನೂ ಒಂದಕ್ಕೊಂದು ಜೋಡಿಸಿದ ಮೊದಲನೆಯ ಮಾದರಿಯನ್ನು 1969ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಸ್ಯುಕುರೋ ಮನಾಬೆ, ಕರ್ಕ್ ಬ್ರಯನ್ ಎಂಬವರು ಪ್ರಕಟಿಸಿದರು. ಅದರಲ್ಲಿ ನಿಜವಾದ ಖಂಡಗಳೇ ಇರಲಿಲ್ಲ, ಭೂಮಿಯ ಒಂದು ಹೋಳು ಮಾತ್ರ, ಅದರಲ್ಲಿ ಒಂದಿಷ್ಟು ನೆಲ, ಒಂದಿಷ್ಟು ನೀರು. ಈಗಿನ ಮಾದರಿಗಳಲ್ಲಿ ಭೂಮಿಯನ್ನೆಲ್ಲಾ ಸುಮಾರು ನೂರು ಕಿಲೋಮೀಟರಿನ ಚೌಕಗಳಾಗಿ ವಿಭಾಗಿಸಿ, ಸಮುದ್ರವನ್ನು ಮೇಲಿನಿಂದ ತಳದವರೆಗೆ ಹತ್ತಾರು ಪದರಗಳಾಗಿ ಸೀಳುವರು. ಪ್ರತಿಯೊಂದು ಪೆಟ್ಟಿಗೆಗೂ ಅದರ ಕಾವು, ಉಪ್ಪು, ನೀರಿನ ವೇಗ ಎಂಬ ಅಂಕಿಗಳಿರುವುವು. ಪಕ್ಕದ ಪೆಟ್ಟಿಗೆಯಿಂದ ಎಷ್ಟು ನೀರು ಬಂತು, ಎಷ್ಟು ಶಾಖ ಬಂತು, ಮೇಲಿನ ಗಾಳಿಗೆ ಎಷ್ಟು ಹೋಯಿತು ಎಂಬುದನ್ನು ಚಲನೆಯ ನಿಯಮ, ಶಾಖದ ನಿಯಮಗಳ ಪ್ರಕಾರ ಜಮಾಖರ್ಚು ಬರೆದಂತೆ ಬರೆದು, ಅರ್ಧ ಗಂಟೆ ಒಂದು ಗಂಟೆಯಷ್ಟು ಮುಂದಕ್ಕೆ ಹೋಗಿ, ತಿರುಗಿ ಅದೇ ಲೆಕ್ಕವನ್ನು ಮಾಡುವರು. ಹೀಗೆ ಸಾವಿರ ವರ್ಷ. ಸಮುದ್ರದ ತಳವು ಒಂದು ಸ್ಥಿತಿಗೆ ಬಂದು ನೆಲೆಗೊಳ್ಳಲು ಅಷ್ಟು ಕಾಲ ಹಿಡಿಯುವುದು.

ಈ ಚೌಕಗಳಲ್ಲಿ ಒಂದರೊಳಗೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳೆಲ್ಲವೂ ಅಡಗಿಹೋಗಬಹುದು. ಸಾವನದುರ್ಗದಂತಹ ಬಂಡೆಯೂ ಅಲ್ಲಿಲ್ಲ; ಸರಾಸರಿ ಎತ್ತರದ ಒಂದು ಜಗಲಿಯಿದೆಯಷ್ಟೆ. ಚೌಕಕ್ಕಿಂತ ಸಣ್ಣದಾದ ಮೋಡಗಳಿಗೂ ಸಮುದ್ರದ ಸುಳಿಗಳಿಗೂ ಅಂದಾಜಿನ ನಿಯಮಗಳನ್ನು ಕಟ್ಟಬೇಕಾಗುವುದು. ಮಾದರಿಯ ಬಲಹೀನತೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುವುವು.

ಇಂತಹ ಲೆಕ್ಕದ ಭೂಮಿಗೆ ಸೂರ್ಯನ ಶಾಖವನ್ನೂ ಇಂಗಾಲಾಮ್ಲ ವಾಯುವನ್ನೂ ಸ್ವಲ್ಪವೂ ಬದಲಿಸದೆ ಓಡಲು ಬಿಟ್ಟರೆ ಏನಾಗಬೇಕು? ಸಮುದ್ರವು ಒಂದೇ ಉಷ್ಣತೆಯಲ್ಲಿ ನಿಲ್ಲಬೇಕೆಂದು ತೋರಬಹುದು. ಅದು ನಿಲ್ಲುವುದಿಲ್ಲ. ಹೊರಗಿನ ಯಾವ ಕಾರಣವೂ ಇಲ್ಲದೆ ಹತ್ತು ವರ್ಷ ಬೆಚ್ಚಗೆ, ಇಪ್ಪತ್ತು ವರ್ಷ ತಣ್ಣಗೆ, ಹೀಗೆ ಅಲೆಯುತ್ತಿರುವುದು. ಇದಕ್ಕೆ ಜರ್ಮನಿಯ ಕ್ಲಾಸ್ ಹಸೆಲ್‌ಮನ್ ಎಂಬವರು 1976ರಲ್ಲಿ ಕೊಟ್ಟ ವಿವರಣೆಯನ್ನು ನಮ್ಮ ಕೆರೆಯ ಉದಾಹರಣೆಯಿಂದ ತಿಳಿಯಬಹುದು. ಮಳೆಯು ದಿನಕ್ಕೊಂದು ಬಗೆ: ಇಂದು ಸುರಿದೀತು, ನಾಳೆ ಇಲ್ಲ. ಕೆರೆಯ ನೀರಿನ ಮಟ್ಟವು ಹಾಗೆ ಕುಣಿಯುವುದಿಲ್ಲ. ದಿನದಿನದ ಮಳೆಯನ್ನೆಲ್ಲಾ ಅದು ಕೂಡಿಟ್ಟುಕೊಳ್ಳುವುದರಿಂದ ನಿಧಾನವಾಗಿ ಏರಿ, ತೂಬಿನಿಂದಲೂ ಬಿಸಿಲಿನಿಂದಲೂ ನಿಧಾನವಾಗಿ ಇಳಿಯುವುದು. ಯಾರೂ ಬೇಕೆಂದು ಮಾಡದಿದ್ದರೂ, ಬರಿಯ ಆಕಸ್ಮಿಕದಿಂದಲೇ ನಾಲ್ಕಾರು ವರ್ಷ ಕೆರೆ ತುಂಬಿದ್ದು ನಾಲ್ಕಾರು ವರ್ಷ ಬತ್ತಿರಬಹುದು. ಸಮುದ್ರವು ಶಾಖದ ಕೆರೆ. ಮೇಲೆ ಬೀಸಿ ಹೋಗುವ ಬಿರುಗಾಳಿ ಮೋಡಗಳೇ ಅದರ ದಿನದಿನದ ಮಳೆ. ಭೂಮಿಯ ಮೇಲಿನ ಗಾಳಿಯೆಲ್ಲವೂ ಹಿಡಿಯುವಷ್ಟು ಶಾಖವನ್ನು ಸಮುದ್ರದ ಮೇಲಿನ ಎರಡೂವರೆ ಮೂರು ಮೀಟರು ನೀರೇ ಹಿಡಿಯುವುದೆಂದ ಮೇಲೆ, ಅದರ ನಿಧಾನಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಮನಾಬೆ, ಹಸೆಲ್‌ಮನ್ ಇಬ್ಬರಿಗೂ 2021ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಇನ್ನು ಬೇರ್ಪಡಿಸುವ ಕೆಲಸ. ಅಮೆರಿಕದ ಕೊಲರಾಡೋ ಸಂಸ್ಥಾನದ ಹವಾಮಾನ ಸಂಶೋಧನಾಲಯವೊಂದರಲ್ಲಿ, 2015ರಲ್ಲಿ ಪ್ರಕಟವಾದ ಒಂದು ಪ್ರಯೋಗಕ್ಕಾಗಿ, ಒಂದೇ ಮಾದರಿಯನ್ನು 1920ರಿಂದ ಮೊದಲುಮಾಡಿ ಮೂವತ್ತು ಬಾರಿ ಓಡಿಸಿದರು. ಪ್ರತಿ ಬಾರಿಯೂ ಎಲ್ಲವೂ ಒಂದೇ. ಆರಂಭದ ಗಾಳಿಯ ಉಷ್ಣತೆಯಲ್ಲಿ ಮಾತ್ರ, ಒಂದು ಡಿಗ್ರಿಯನ್ನು ನೂರು ಲಕ್ಷ ಕೋಟಿ ಪಾಲು ಮಾಡಿದರೆ ದೊರೆಯುವ ಒಂದು ಪಾಲಿನಷ್ಟು ವ್ಯತ್ಯಾಸ. ಅಷ್ಟಕ್ಕೇ ಮೂವತ್ತು ಭೂಮಿಗಳ ಹವೆಯು ಕೆಲವು ವಾರಗಳಲ್ಲಿ ಮೂವತ್ತು ದಾರಿ ಹಿಡಿಯಿತು. ಒಂದರಲ್ಲಿ ಎಲ್ ನಿನೋ ಇದ್ದ ವರ್ಷ ಇನ್ನೊಂದರಲ್ಲಿ ಇರಲಿಲ್ಲ. ಆದರೆ ಮೂವತ್ತರಲ್ಲಿಯೂ ಸಮುದ್ರವು ಕೊನೆಗೆ ಕಾದಿತು. ಮೂವತ್ತನ್ನೂ ಕೂಡಿಸಿ ಸರಾಸರಿ ತೆಗೆದಾಗ ಬಂದುಹೋಗುವ ಏರಿಳಿತಗಳು ಒಂದನ್ನೊಂದು ಅಳಿಸಿಹಾಕಿ, ಬಂದು ನಿಲ್ಲುವ ಭಾಗವು ಉಳಿಯುವುದು. ನಿಜವಾದ ಭೂಮಿಯು ಒಂದೇ ಇರುವುದರಿಂದ ಈ ಕೆಲಸವನ್ನು ಬೇರೆ ವಿಧದಲ್ಲಿ ಮಾಡಲಾಗದು. ಇಲ್ಲಿ ಒಂದನ್ನು ಗಮನಿಸಬೇಕು: ಇಂತಹ ಮಾದರಿಯು ತೂಗಾಟದ ಸ್ವಭಾವವನ್ನು ತೋರಿಸುವುದೇ ಹೊರತು ಅದರ ತಾರೀಖನ್ನಲ್ಲ. 2002ರ ಬರವು ಮಾದರಿಯಲ್ಲಿ 2002ರಲ್ಲಿಯೇ ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ. ತಾರೀಖು ಬೇಕಾದರೆ ಇಂದಿನ ಸಮುದ್ರದ ಅಳತೆಗಳಿಂದಲೇ ಮಾದರಿಯನ್ನು ಹೊರಡಿಸಬೇಕು. ಹಾಗೆ ಮಾಡಿದಾಗಲೂ ಉತ್ತರ ಅಟ್ಲಾಂಟಿಕ್‌ನಂತಹ ಕೆಲವು ಕಡೆ ಬಿಟ್ಟರೆ ಹತ್ತು ವರ್ಷಗಳ ಮುನ್ನೋಟವು ಇನ್ನೂ ಮಬ್ಬಾಗಿಯೇ ಇದೆ.

ಬೇರ್ಪಡಿಸುವ ಕೆಲಸವು ಎಷ್ಟು ನಾಜೂಕಾದುದೆಂಬುದಕ್ಕೆ ಅಟ್ಲಾಂಟಿಕ್ ಸಾಗರದ ತೂಗಾಟವೇ ನಿದರ್ಶನ. ಅದಕ್ಕೆ 2000ದಲ್ಲಿ ಈಗಿನ ಹೆಸರು ಬರಲು ಕಾರಣರಾದವರಲ್ಲಿ ಮೈಕೇಲ್ ಮಾನ್ ಒಬ್ಬರು. ಅವರೇ 2020, 2021ರಲ್ಲಿ ಸಹೋದ್ಯೋಗಿಗಳೊಡನೆ ಅನೇಕ ಮಾದರಿಗಳನ್ನು ಪರೀಕ್ಷಿಸಿ, ಸಮುದ್ರವು ತಾನಾಗಿಯೇ ತೂಗುವ ಅಂತಹ ತಾಳವು ಮಾದರಿಗಳಲ್ಲಿ ಕಾಣುವುದಿಲ್ಲವೆಂದೂ, ಹಿಂದಿನ ಶತಮಾನಗಳಲ್ಲಿ ಅದು ಕಾಣಿಸಿಕೊಂಡದ್ದು ಜ್ವಾಲಾಮುಖಿಗಳ ಧೂಳು ಬಿಸಿಲನ್ನು ಮರೆಮಾಡಿದುದರಿಂದೆಂದೂ ವಾದಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ. ತಾನು ನಾಮಕರಣಮಾಡಿದ ಮಗುವು ಇಲ್ಲವೆಂದು ಹೇಳಲು ಸಾಕಷ್ಟು ಧೈರ್ಯವು ಬೇಕೆಂದು ಮಾತ್ರ ನಾವು ಹೇಳುತ್ತೇವೆ.

ಇದಕ್ಕಿಂತ ನಮಗೆ ಹೆಚ್ಚು ಯೋಚನೆಯನ್ನುಂಟುಮಾಡುವುದು ಇನ್ನೊಂದು ವಿಷಯ. ಹವಳವು ವರ್ಷವರ್ಷವೂ ಬೆಳೆದ ಪದರಗಳಲ್ಲಿ, ಸಮುದ್ರತಳದ ಕೆಸರಿನಲ್ಲಿ ಹುದುಗಿದ ಸೂಕ್ಷ್ಮಜೀವಿಗಳ ಚಿಪ್ಪುಗಳಲ್ಲಿ, ಹಿಂದಿನ ಕಾಲದ ನೀರಿನ ಕಾವಿನ ಗುರುತುಗಳು ಉಳಿದಿರುವುವು. 2014ರಲ್ಲಿ ಥಾಮಸ್ ಲೇಪ್ಲೆ, ಪೀಟರ್ ಹೈಬರ್ಸ್ ಎಂಬವರು ಇವುಗಳನ್ನು ಮಾದರಿಗಳೊಡನೆ ಹೋಲಿಸಿದರು. ಕೆಲವು ವರ್ಷಗಳ ಏರಿಳಿತದಲ್ಲಿ ಎರಡೂ ಹೊಂದಿದವು. ಹತ್ತಾರು ವರ್ಷಗಳ, ನೂರಾರು ವರ್ಷಗಳ ಏರಿಳಿತಕ್ಕೆ ಹೋದಂತೆಲ್ಲಾ ಮಾದರಿಯ ಸಮುದ್ರವು ನಿಜವಾದ ಸಮುದ್ರಕ್ಕಿಂತ ಬಹಳ ಸಪ್ಪೆಯಾಗಿ ಕಂಡಿತು. ಹವಳ ಚಿಪ್ಪುಗಳ ಸಾಕ್ಷ್ಯದಲ್ಲಿಯೇ ಕಲಬೆರಕೆಯಿರಬಹುದು. ಇಲ್ಲವೇ ಮಾದರಿಯಲ್ಲಿ ಸುಳಿಗಳ ಬದಲಿಗೆ ಹಾಕಿದ ಅಂದಾಜಿನ ನಿಯಮವು, ಪಾತ್ರೆಯನ್ನು ಅತಿಯಾಗಿ ಕದಡುವ ಸೌಟಿನಂತೆ, ಒಂದು ಕಡೆಯ ಶಾಖವನ್ನು ಬೇಗನೆ ಎಲ್ಲೆಡೆಗೂ ಹರಡಿ ವ್ಯತ್ಯಾಸವನ್ನು ಅಳಿಸುತ್ತಿರಬಹುದು. ಎರಡನೆಯದೇ ನಿಜವಾದ ಪಕ್ಷದಲ್ಲಿ, ಖುಷ್ಕಿ ಹೊಲದವರು ಮಾದರಿಯು ತೋರಿಸುವುದಕ್ಕಿಂತ ಉದ್ದವಾದ ಒಣ ಕಾಲಗಳಿಗೂ ಉದ್ದವಾದ ತೇವದ ಕಾಲಗಳಿಗೂ ಸಿದ್ಧರಾಗಿರಬೇಕಾಗುವುದು. ಶಾಂತಸಾಗರದ ಮೂಡಣ ಭಾಗವು ಕಳೆದ ಕೆಲವು ದಶಕಗಳಲ್ಲಿ ಮಾದರಿಗಳು ಹೇಳಿದಷ್ಟು ಕಾಯದೆ ಹೋದುದೂ ಇದೇ ಸಂಶಯವನ್ನು ಬಲಪಡಿಸುವುದು.

ಹಾಗಾದರೆ ಲೋಕವು ಕಾಯುತ್ತಿರುವುದೂ ಒಂದು ತೂಗಾಟವೇ ಆಗಿರಬಾರದೇಕೆ? ಇದನ್ನು ಬುದ್ಧಿವಂತರೇ ಕೇಳುವರು. ತೂಗಾಟವೆಂದರೆ ಒಂದು ಕಡೆಯ ಶಾಖವು ಇನ್ನೊಂದು ಕಡೆಗೆ, ಆಳದ ಶಾಖವು ಮೇಲಕ್ಕೆ ಸರಿಯುವುದು. ಈಗ ಆಗುತ್ತಿರುವುದೋ, ಮೇಲೂ ಆಳದಲ್ಲಿಯೂ, ಎಲ್ಲ ಸಾಗರಗಳಲ್ಲಿಯೂ ಒಟ್ಟಾಗಿ ಶಾಖವು ಹೆಚ್ಚುವುದು. ಭೂಮಿಯಲ್ಲಿ ಹೆಚ್ಚಾಗಿ ಉಳಿದ ಶಾಖದ ನೂರಕ್ಕೆ 90ರಷ್ಟು ಸಮುದ್ರವನ್ನೇ ಸೇರಿದೆ. ಕೆರೆಯ ನೀರು ಗಾಳಿಗೆ ಒಂದು ದಡದಿಂದ ಇನ್ನೊಂದು ದಡಕ್ಕೆ ಸರಿಯಬಹುದು, ಆದರೆ ಎರಡು ದಡದಲ್ಲಿಯೂ ಏರಿದರೆ ಎಲ್ಲಿಂದಲೋ ಹೊಸ ನೀರು ಬಂತೆಂದೇ ಅರ್ಥ. ನಮ್ಮ ಹಿಂದೂ ಮಹಾಸಾಗರದ ಉಷ್ಣವಲಯವು 1951ರಿಂದ 2015ರೊಳಗೆ ಸುಮಾರು 1 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದಿದೆ. ಅದೇ ಕಾಲದಲ್ಲಿ ಲೋಕದ ಸಮುದ್ರಗಳ ಸರಾಸರಿಯು ಸುಮಾರು 0.7 ಡಿಗ್ರಿ. ಇಂಗಾಲಾಮ್ಲ ಮುಂತಾದ ವಾಯುಗಳನ್ನು ಹೆಚ್ಚಿಸದೆ ಓಡಿಸಿದ ಯಾವ ಮಾದರಿಯಲ್ಲಿಯೂ ಇಂತಹ ಏರಿಕೆಯು ಬರುವುದಿಲ್ಲ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಕಟ್ಟಿದ, ಲೋಕದ ಮಾದರಿಗಳ ಸಾಲಿನಲ್ಲಿ ಸೇರಿದ ಭಾರತದ ಮೊದಲನೆಯ ಮಾದರಿಗೂ ಈ ಮಾತು ಸಲ್ಲುವುದು.

ಆದುದರಿಂದ ಹಿರಿಯರ ಮಾತಿಗೆ ಉತ್ತರವು ಎರಡು ಪಾಲಾಗಿ ಬರುವುದು. ಸಮುದ್ರದ ಕಾವು ಏರಿರುವುದು ಬಂದು ನಿಲ್ಲುವ ಭಾಗ. 2022ರ ನೆರೆಯ ಬೆನ್ನಿಗೆ 2023ರ ಬರ ಬಂದುದು ಬಂದುಹೋಗುವ ಭಾಗ. ಕಾದ ಸಮುದ್ರದ ಮೇಲಿನ ಗಾಳಿಯು ಹೆಚ್ಚು ಆವಿಯನ್ನು ಹೊರುವುದರಿಂದ ಸುರಿದಾಗ ಜೋರಾಗಿ ಸುರಿಯುವುದೆಂಬುದರಲ್ಲಿ ಮಾದರಿಗಳು ಬಹುಮಟ್ಟಿಗೆ ಒಮ್ಮತದಲ್ಲಿವೆ. ಸೆಪ್ಟೆಂಬರಿನಲ್ಲಿ ರಾಗಿಯ ತೆನೆಗೆ ಬೇಕಾದ ಹದಮಳೆಯು ಮಾಗಡಿ ಸೀಮೆಯಲ್ಲಿ ಹೆಚ್ಚುವುದೋ ತಗ್ಗುವುದೋ ಎಂದು ಕೇಳಿದರೆ, ನೂರು ಕಿಲೋಮೀಟರಿನ ಚೌಕವು ಅದಕ್ಕೆ ಉತ್ತರವನ್ನು ಕೊಡಲಾರದು. ಕೊಡುವೆನೆಂದು ಹೇಳುವವರನ್ನು ನಂಬಬೇಕಾಗಿಲ್ಲ.

ಆ ಉತ್ತರವು ಮುಂದೆ ಎಂದಾದರೂ ಬರಬೇಕಾದರೆ, ಮಾದರಿಯನ್ನು ಒರೆಗೆ ಹಚ್ಚಲು ನೆಲದ ಮೇಲಿನ ಉದ್ದವಾದ ದಾಖಲೆಯು ಬೇಕು. ಕರ್ಣಾಟಕದಲ್ಲಿ ಈಗ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾವಾಗಿಯೇ ಅಂಕಿಗಳನ್ನು ಕಳುಹುವ ಮಳೆಮಾಪಕಗಳಿವೆ. ಅವುಗಳ ಮೇಲೆ ಮರದ ಕೊಂಬೆ ಚಾಚಿಕೊಳ್ಳದಂತೆ, ಆಲಿಕೆಯಲ್ಲಿ ಎಲೆ ಕಸ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಶಾಲೆಯ ಮಕ್ಕಳಿಗೂ ಸಾಧ್ಯವಾದ ಕೆಲಸವಾಗಿದೆ.